ತಾಯಿಯ ಜೀವ ಮತ್ತು ಎರಡು ಗಂಟೆ

ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಗು ಹುಟ್ಟಿ ಮಾಸು ಬಿದ್ದೊಡನೆ ಗರ್ಭಕೋಶ ಬಿಗಿಯಾಗಿ ಮುದುಡಿಕೊಂಡು, ತೆರೆದ ರಕ್ತನಾಳಗಳನ್ನು ತಾನೇ ಹಿಸುಕಿ ಮುಚ್ಚುತ್ತದೆ. ನಿಸರ್ಗದ ಈ ಏರ್ಪಾಡು ಕೆಲವೊಮ್ಮೆ ಸೋಲುತ್ತದೆ. ಆಗ ರಕ್ತಸ್ರಾವ ನಿಲ್ಲುವುದಿಲ್ಲ. ಚಿಕಿತ್ಸೆ ದೊರೆಯದಿದ್ದರೆ ಎರಡೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು.

ಬಡ ರಾಷ್ಟ್ರಗಳಲ್ಲಿ ಬಾಣಂತಿಯರು ಏಕೆ ಸಾಯುತ್ತಾರೆ? 1994ರಲ್ಲಿ ಸೆರೀನ್ ಥಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಸಂಶೋಧಕಿಯರು ಇದಕ್ಕೆ ಮೂರು ವಿಳಂಬಗಳನ್ನು ಗುರುತಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ಮನೆಯವರು ತೀರ್ಮಾನಿಸುವುದರಲ್ಲಿ ತಡ, ಆಸ್ಪತ್ರೆ ತಲುಪುವುದರಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ದೊರೆಯುವುದರಲ್ಲಿ ತಡ. ಈ ಮೂರನ್ನೂ ಕಡಿಮೆ ಮಾಡುವುದೇ ಒಳ್ಳೆಯ ಆರೋಗ್ಯ ನೀತಿಯ ಗುರಿ.

ನಾಲ್ಕು ತಾಲ್ಲೂಕು, ಬೇರೆ ಬೇರೆ ತೊಡಕು

ಮೈಸೂರು ಜಿಲ್ಲೆಯ ಪಶ್ಚಿಮ ಭಾಗವನ್ನೇ ನೋಡಿ. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಜೇನು ಕುರುಬ, ಕಾಡು ಕುರುಬರ ಹಾಡಿಗಳಿವೆ. ರಾತ್ರಿ ಹೆರಿಗೆ ನೋವು ಬಂದರೆ ಆನೆ ಓಡಾಡುವ ದಾರಿಯಲ್ಲಿ ಹೊರಡಬೇಕು. ಇಲ್ಲಿ ಎರಡನೆಯ ವಿಳಂಬವೇ ದೊಡ್ಡದು. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ಭಾಗಕ್ಕೆ ಬಂದು, ಸರಗೂರಿನಲ್ಲಿ ಆಸ್ಪತ್ರೆ ತೆರೆದದ್ದರ ಮಹತ್ವ ಇಲ್ಲಿದೆ. 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬ್ಯುಲೆನ್ಸ್ ಸೇವೆಯೂ ಈ ದೂರವನ್ನೇ ಗೆಲ್ಲಲು ಬಂದದ್ದು.

ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಕೊಯ್ಲು ಬಂತೆಂದರೆ ಹೆಂಗಸರಿಗೆ ಬಿಡುವಿಲ್ಲ. ಹಸಿ ಎಲೆ ಒದ್ದೆಯಾಗಿದ್ದರೆ ಅದರ ನಿಕೋಟಿನ್ ಚರ್ಮದ ಮೂಲಕವೇ ಮೈ ಸೇರಿ ವಾಂತಿ, ತಲೆಸುತ್ತು ತರುತ್ತದೆ. ಬಸುರಿಯಲ್ಲಿ ಇದನ್ನು ‘ಬಯಕೆಯ ಸಂಕಟ’ ಎಂದು ತಳ್ಳಿಹಾಕುವ ಅಪಾಯವಿದೆ. ಕಾಲುವೆ ನೀರಿನ ಕೆ.ಆರ್. ನಗರದಲ್ಲಿ ಭತ್ತದ ನಾಟಿಯ ಸಮಯದಲ್ಲಿ ತಪಾಸಣೆಗೆ ಹೋದರೆ ಒಂದು ದಿನದ ಕೂಲಿ ತಪ್ಪುತ್ತದೆ. ಇಲ್ಲೆಲ್ಲ ಮೊದಲನೆಯ ವಿಳಂಬ ಹೊಲದಲ್ಲೇ ಶುರುವಾಗುತ್ತದೆ.

ಒಂದೇ ಯೋಜನೆ ಎಲ್ಲ ಕಡೆಗೂ ಒಂದೇ ರೀತಿ ಒಗ್ಗುವುದಿಲ್ಲ. 2017ರ ಅಕ್ಟೋಬರ್‌ನಲ್ಲಿ ‘ಮಾತೃಪೂರ್ಣ’ ಯೋಜನೆ ರಾಜ್ಯದಾದ್ಯಂತ ಜಾರಿಯಾದಾಗ ಬಸುರಿ, ಬಾಣಂತಿಯರು ಅಂಗನವಾಡಿಗೇ ಬಂದು ಮಧ್ಯಾಹ್ನದ ಬಿಸಿಯೂಟ ಮಾಡಬೇಕಿತ್ತು. ಊಟದ ಉದ್ದೇಶ ಒಳ್ಳೆಯದೇ. ಆದರೆ ಅಂಗನವಾಡಿ ದೂರವಿರುವ ಕಡೆ ದಿನದಿನವೂ ನಡೆದುಬರುವುದು ತುಂಬು ಬಸುರಿಗೆ ಸುಲಭವೇ?

ಬೆಳಗಾವಿಯ ಪಾಠ

ವೈದ್ಯರಿಲ್ಲದ ಕಡೆಯೂ ಜೀವ ಉಳಿಸಬಹುದೆಂದು ತೋರಿಸಿದ್ದು ನಮ್ಮದೇ ಬೆಳಗಾವಿ ಜಿಲ್ಲೆ. ಅಲ್ಲಿನ ಹಳ್ಳಿಗಳ 1,620 ಬಾಣಂತಿಯರನ್ನು ಒಳಗೊಂಡ ಅಧ್ಯಯನವೊಂದರ ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆರಿಗೆಯಾದೊಡನೆ ದಾದಿಯರು ನೀಡಿದ ಮಿಸೊಪ್ರೊಸ್ಟಾಲ್ ಮಾತ್ರೆ ಅತಿ ರಕ್ತಸ್ರಾವವನ್ನು ಶೇ. 12ರಿಂದ ಶೇ. 6.4ಕ್ಕೆ ಇಳಿಸಿತ್ತು. ಈ ಮಾತ್ರೆಯನ್ನು ಫ್ರಿಜ್‌ನಲ್ಲಿಡಬೇಕಿಲ್ಲ, ಸೂಜಿಯೂ ಬೇಡ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಉಪಯೋಗಕ್ಕಾಗಿ ಅದನ್ನು ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು.

ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಸಾವು 2001–03ರಲ್ಲಿ 228 ಇತ್ತು. 2018–20ರ ವೇಳೆಗೆ ಅದು 69ಕ್ಕೆ ಇಳಿಯಿತು. ಇದು ಸಾಧನೆಯೇ ಸರಿ. ಆದರೆ ಅದೇ ಅವಧಿಯಲ್ಲಿ ನೆರೆಯ ಕೇರಳದ ಸಂಖ್ಯೆ 19.

ಶಾಲೆಯಿಂದಲೇ ಆರಂಭ

ರಕ್ತಹೀನತೆಯಿರುವ ಬಾಣಂತಿ ಸ್ವಲ್ಪ ರಕ್ತ ಹೋದರೂ ತಾಳಲಾರಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ರಾಜ್ಯದ ಗರ್ಭಿಣಿಯರಲ್ಲಿ ಶೇ. 45ಕ್ಕೂ ಹೆಚ್ಚು ಮಂದಿ ರಕ್ತಹೀನರು. ಬಸುರಾದ ಮೇಲೆ ದಿನಕ್ಕೊಂದರಂತೆ 180 ದಿನ ಕಬ್ಬಿಣಾಂಶದ ಮಾತ್ರೆ ನುಂಗಬೇಕು, ನಿಜ. ಆದರೆ ಸಿದ್ಧತೆ ಅದಕ್ಕೂ ಮುಂಚೆಯೇ ನಡೆಯಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಇದಕ್ಕಾಗಿಯೇ. ಅದನ್ನು ಊಟವಾದ ಮೇಲೆ ನುಂಗಬೇಕು. ಆಗಲೇ ಕಾಫಿ, ಟೀ ಕುಡಿದರೆ ಕಬ್ಬಿಣಾಂಶ ಸರಿಯಾಗಿ ರಕ್ತ ಸೇರದು. ನಿಂಬೆರಸ ಕುಡಿದರೆ ಚೆನ್ನಾಗಿ ಸೇರುತ್ತದೆ.

ಮಗಳು ಆ ಮಾತ್ರೆಯನ್ನು ಎಸೆಯದಂತೆ ತಂದೆತಾಯಿ ನೋಡಿಕೊಳ್ಳಲಿ. ಹದಿನೆಂಟು ತುಂಬುವ ಮೊದಲು ಅವಳ ಮದುವೆಯ ಮಾತು ಬೇಡ. ಮನೆಯಲ್ಲಿ ಬಸುರಿಯಿದ್ದರೆ ಯಾವ ಆಸ್ಪತ್ರೆ, ಯಾವ ವಾಹನ, ರಕ್ತ ಕೊಡುವವರು ಯಾರು ಎಂಬುದು ಎಂಟನೇ ತಿಂಗಳೊಳಗೇ ತೀರ್ಮಾನವಾಗಿರಲಿ. ಉಳಿದೆರಡು ವಿಳಂಬಗಳಿಗೆ ಸರ್ಕಾರ ಉತ್ತರ ಹೇಳಬೇಕು. ಮೊದಲನೆಯದಕ್ಕೆ ಮನೆಯವರೂ ಹೇಳಬೇಕಾಗುತ್ತದೆ.