ಒಂದೇ ಕ್ರಾಸ್, ಹಲವು ದಾರಿ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಆಟೋ ಹತ್ತಿ ‘ನಾಲ್ಕನೇ ಕ್ರಾಸ್’ ಎಂದಷ್ಟೇ ಹೇಳಿ ನೋಡಿ. ‘ಎಲ್ಲಿಯ ನಾಲ್ಕನೇ ಕ್ರಾಸ್ ಸ್ವಾಮಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉದ್ದದ ರಸ್ತೆ ಮೇನ್, ಅದಕ್ಕೆ ಅಡ್ಡ ಹಾಯುವುದು ಕ್ರಾಸ್. ಜೊತೆಗೆ ಜಯನಗರಕ್ಕೆ ಬ್ಲಾಕ್, ಜೆ.ಪಿ. ನಗರಕ್ಕೆ ಫೇಸ್, ಬನಶಂಕರಿಗೆ ಸ್ಟೇಜ್. ಇಷ್ಟೂ ಹೇಳಿದರೇ ಮನೆ ಸಿಕ್ಕೀತು!

ಊರಾಚೆ ಹೋದರೆ ಇದೇ ಪದಕ್ಕೆ ಬೇರೆ ಅರ್ಥ. ಮಂಗಳೂರು ಹೆದ್ದಾರಿಯಲ್ಲಿ ‘ಬೆಳ್ಳೂರು ಕ್ರಾಸ್’ ಇದೆ. ಅಲ್ಲಿ ಇಳಿದರೆ ಬೆಳ್ಳೂರು ಊರೇ ಸಿಕ್ಕಿತು ಎಂದುಕೊಳ್ಳಬೇಡಿ. ಊರಿನ ಕಡೆಗೆ ತಿರುಗುವ ಕೂಡುರಸ್ತೆ ಅದು.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ತಲೆ ನರೆಸಿಕೊಂಡ ನನಗೆ ಕ್ರಾಸ್ ಎಂದರೆ ಚೆಕ್ಕಿನ ಮೂಲೆಯಲ್ಲಿ ಎಳೆಯುವ ಎರಡು ಅಡ್ಡಗೆರೆ. 1881ರ ಕಾನೂನಿನಲ್ಲೇ ಈ ಗೆರೆಗೆ ಮಾನ್ಯತೆ ಇದೆ. ಗೆರೆ ಇಲ್ಲದ ಬೇರರ್ ಚೆಕ್ ಕಳೆದರೆ, ಸಿಕ್ಕಿದವನು ಕೌಂಟರಿನಲ್ಲಿ ನಗದು ಪಡೆದುಬಿಡಬಹುದು. ಗೆರೆ ಇದ್ದರೆ ಹಣ ಖಾತೆಯ ಮೂಲಕವೇ ಹೋಗಬೇಕು. ಮಗಳ ಮದುವೆಯ ಚೆಕ್ಕನ್ನು ಬಸ್ಸಿನಲ್ಲಿ ಕಳೆದುಕೊಂಡ ಹಿರಿಯರೊಬ್ಬರು ಬೆವರುತ್ತಾ ಬಂದಿದ್ದರು. ‘ಕ್ರಾಸ್ ಮಾಡಿತ್ತೇ?’ ಎಂದೆ. ‘ಹೌದು’ ಎಂದರು. ಚೆಕ್ ಬರೆದುಕೊಟ್ಟವರಿಂದ ಪಾವತಿ ತಡೆಸಲು ಸಮಯ ಸಿಕ್ಕಿತು. ಎರಡು ಗೆರೆ ಒಂದು ಮದುವೆಯನ್ನು ಉಳಿಸಿತು!

ರೆಡ್ ಕ್ರಾಸ್ ನಿಮಗೆ ಗೊತ್ತು. ಸ್ವಿಟ್ಜರ್ಲೆಂಡಿನ ಬಾವುಟದಲ್ಲಿ ಕೆಂಪಿನ ಮೇಲೆ ಬಿಳಿ ಶಿಲುಬೆ. ಅದನ್ನೇ ತಿರುಗಿಸಿ ಬಿಳಿಯ ಮೇಲೆ ಕೆಂಪು ಮಾಡಿದರು. 1864ರ ಜಿನೀವಾ ಒಪ್ಪಂದದಿಂದ ಯುದ್ಧಭೂಮಿಯ ವೈದ್ಯರಿಗೆ ಅದೇ ರಕ್ಷೆ. ನೀವು ವಾರವಾರ ತುಂಬುವ ಪದಬಂಧ ಇಂಗ್ಲಿಷಿನಲ್ಲಿ ಕ್ರಾಸ್‌ವರ್ಡ್. ಆರ್ಥರ್ ವಿನ್ 1913ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅದನ್ನು ಪ್ರಕಟಿಸಿದಾಗ ಹೆಸರು ತಿರುಗಾಮುರುಗಾ, ‘ವರ್ಡ್-ಕ್ರಾಸ್’ ಎಂದಿತ್ತು. ಕೋರ್ಟಿನಲ್ಲಿ ವಕೀಲರು ಮಾಡುವ ಪಾಟೀಸವಾಲು ಕ್ರಾಸ್. ಎರಡು ತಳಿ ಬೆರೆತ ಹಸು ಕ್ರಾಸ್. ಇಂಗ್ಲಿಷಿನಲ್ಲಿ ಸಿಡುಕುವವರೂ ಕ್ರಾಸ್. ಆ ಅರ್ಥ ಅಜ್ಜಿಯ ಮುಂದೆ ಬಳಸಬೇಡಿ!

ನನ್ನ ವಾರಗೆಯವರಿಗೊಂದು ಮಾತು. ಮನೆಯಲ್ಲಿ ನಾವು ಮತ್ತು ಮೊಮ್ಮಗು ಮಾತ್ರ ಇರುವ ಹೊತ್ತಿಗೆ ಎದೆ ನೋವು ಬಂದರೆ 108ಕ್ಕೆ ಕರೆ ಮಾಡುವುದು ಆ ಮಗುವೇ. ಮನೆ ನಂಬರು, ಕ್ರಾಸ್, ಮೇನ್, ಬ್ಲಾಕ್, ಬಡಾವಣೆ, ಹತ್ತಿರದ ಗುರುತು: ಇವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿ. ಫೋನಿನ ಪಕ್ಕದಲ್ಲಿ ಬರೆದೂ ಅಂಟಿಸಿ.

ಮಕ್ಕಳೇ, ಕ್ರಾಸಿಗೆ ಇನ್ನೂ ಎರಡು ಅರ್ಥ ಹುಡುಕಿ, ಅಜ್ಜನಿಗೆ ಹೇಳಿ. ನೋಡೋಣ, ಅಜ್ಜ ಮೂರನೆಯದು ಹೇಳುತ್ತಾರಾ?