ಊರೋ, ಹುಬ್ಬಳ್ಳಿಯೋ? ಸಂಸಾರದ ಒಂದು ಲೆಕ್ಕಾಚಾರ

ಪ್ರತಿವರ್ಷ ಬಸವ ಜಯಂತಿ ಮುಗಿದು ಶಾಲೆಗಳ ಪ್ರವೇಶದ ದಿನಗಳು ಸಮೀಪಿಸಿದಂತೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಭಾಗದ ನಮ್ಮ ಮನೆತನಗಳಲ್ಲಿ ಒಂದು ಮಾತು ತಪ್ಪದೆ ಏಳುತ್ತದೆ. ಹೊಲವನ್ನು ಲಾವಣಿಗೆ ಹಾಕಿ ಹುಬ್ಬಳ್ಳಿಯಲ್ಲೊಂದು ಬಾಡಿಗೆ ಮನೆ ಹಿಡಿಯೋಣವೇ? ಮಗ ಹೌದೆನ್ನುತ್ತಾನೆ, ಸೊಸೆ ಅದಕ್ಕೂ ಮೊದಲೇ ಸಿದ್ಧಳಾಗಿರುತ್ತಾಳೆ, ಮನೆಯ ಹಿರಿಯರು ಉತ್ತರ ಕೊಡದೆ ವಿಭೂತಿಯ ಗಟ್ಟಿಯತ್ತ ಕೈಚಾಚುತ್ತಾರೆ. ಇದಕ್ಕೆ ಶಾಸ್ತ್ರಗ್ರಂಥಗಳಲ್ಲಿ ನೇರವಾದ ಉತ್ತರ ದೊರೆಯದು. ಆದರೆ ಕಾಯಕವನ್ನೂ ದಾಸೋಹವನ್ನೂ ಧರ್ಮದ ತಿರುಳೆಂದು ನಂಬಿದ ಸಮಾಜಕ್ಕೆ ಗಳಿಕೆ ಮತ್ತು ವ್ಯಯದ ವಿಚಾರವು ಹೊರಗಿನದೇನೂ ಅಲ್ಲ. ಎಲ್ಲಿ ದುಡಿಯಬೇಕು, ಎಲ್ಲಿ ಉಣ್ಣಬೇಕು, ಉಳಿದುದನ್ನು ಯಾರೊಡನೆ ಹಂಚಿಕೊಳ್ಳಬೇಕು ಎಂಬುದನ್ನು ಸಾವಧಾನದಿಂದ ಯೋಚಿಸುವುದು ಗೃಹಸ್ಥನ ಕರ್ತವ್ಯವೇ ಆಗಿದೆ.

ಹೊರಟು ನಿಂತವರು ಸಾಮಾನ್ಯವಾಗಿ ಮನೆಬಾಡಿಗೆ, ಮುಂಗಡ, ಶಾಲೆಯ ಶುಲ್ಕ ಇವಿಷ್ಟನ್ನು ಬರೆದು ಕೂಡಿಸುತ್ತಾರೆ. ಊರಿನಲ್ಲಿ ಹಣ ಕೊಡದೆ ದೊರೆಯುತ್ತಿದ್ದ ವಸ್ತುಗಳು ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಐದು ಜನರ ಮನೆಗೆ ದಿನಕ್ಕೆ ಒಂದೂವರೆ ಕಿಲೋ ಜೋಳದ ಹಿಟ್ಟು ಬೇಕೆಂದು ಹಿಡಿದರೆ ವರ್ಷಕ್ಕೆ ಸುಮಾರು ಐದೂವರೆ ಕ್ವಿಂಟಲ್ ಜೋಳವಾಯಿತು. ದಿನಕ್ಕೆ ಎರಡು ಲೀಟರಿನಂತೆ ಹಾಲು ವರ್ಷಕ್ಕೆ 730 ಲೀಟರು. ಎರೆಭೂಮಿಯುಳ್ಳ ಮನೆಯವರಿಗೆ ಹಿಂಗಾರಿ ಚೆನ್ನಾಗಿ ಬಂದ ವರ್ಷ ಆ ಜೋಳ ಕಣದಿಂದಲೇ ಬರುತ್ತದೆ. ಕಡಲೆ, ಹೆಸರು, ಕುಸುಬಿ, ಮೆಣಸಿನಕಾಯಿಗಳೂ ಹಾಗೆಯೇ. ಹಾಲು, ಮೊಸರು, ಬೆಣ್ಣೆ ಕೊಟ್ಟಿಗೆಯಿಂದ ಬರುತ್ತವೆ. ನಗರದಲ್ಲಿ ಇವೆಲ್ಲಕ್ಕೂ ಅಂಗಡಿಯ ಮುಂದೆ ನಿಲ್ಲಬೇಕು. ಸಂಬಳವೊಂದನ್ನೇ ನೋಡಿ ಊರು ಬಿಟ್ಟವರು ಆರು ತಿಂಗಳಲ್ಲಿ ಕೈ ಕಚ್ಚಿಕೊಳ್ಳುವುದು ಇಲ್ಲಿಯೇ.

ಇಷ್ಟು ಹೇಳಿ ಹಳ್ಳಿಯ ಬದುಕು ಅಗ್ಗವೆಂದು ತೀರ್ಪು ಕೊಟ್ಟುಬಿಟ್ಟರೆ ಅದು ಅರ್ಧಸತ್ಯವಾದೀತು. ಆ ಅಗ್ಗತನ ಹೊಲವುಳ್ಳವರಿಗೆ ಮಾತ್ರ. ಕೂಲಿಯನ್ನೇ ನಂಬಿದ ಮನೆಗೆ ಹಳ್ಳಿಯಲ್ಲಿಯೂ ಜೋಳ ಸಂತೆಯಿಂದಲೇ ಬರಬೇಕು. ಮಳೆ ಕೈಕೊಟ್ಟ ವರ್ಷ ಕೂಲಿಯೂ ಇಲ್ಲ. ಅಂಥವರು ಹುಬ್ಬಳ್ಳಿಗೆ ಹೊರಟರೆ ವ್ಯಾಮೋಹವೆಂದು ಜರೆಯುವ ಅಧಿಕಾರ ಯಾರಿಗೂ ಇಲ್ಲ. ಇನ್ನೊಂದು ಮಾತನ್ನು ಗಂಡಸರು ಮನಸ್ಸಿಟ್ಟು ಕೇಳಬೇಕು. ಮನೆಯ ಹಾಲು, ಮನೆಯ ರೊಟ್ಟಿ ಪುಕ್ಕಟೆಯಲ್ಲ. ನಸುಕಿನಲ್ಲೆದ್ದು ಸಗಣಿ ಬಾಚುವವಳು, ಹಾಲು ಹಿಂಡುವವಳು, ನೀರು ಹೊರುವವಳು, ಬಂದ ಬಿನ್ನಹದ ಜಂಗಮರಿಗೂ ಹೊಲಕ್ಕೆ ಹೋದವರಿಗೂ ರೊಟ್ಟಿ ಬಡಿಯುವವಳು ಆ ಮನೆಯ ಗೃಹಿಣಿ. ಅವಳ ದುಡಿಮೆಗೆ ನಾವು ಬೆಲೆ ಕಟ್ಟದ್ದರಿಂದ ಹಳ್ಳಿಯ ಬದುಕು ಅಗ್ಗವಾಗಿ ಕಾಣುತ್ತದೆ. ಸೊಸೆ ನಗರದತ್ತ ಮುಖಮಾಡಿದಳೆಂದು ಆಕ್ಷೇಪಿಸುವ ಹಿರಿಯರು ಒಂದು ವಾರ ಅವಳ ಕೊಡವನ್ನು ತಾವು ಹೊತ್ತು ನೋಡಲಿ. ಕಾಯಕದಲ್ಲಿ ಹೆಣ್ಣು ಗಂಡೆಂಬ ಭೇದವೆಣಿಸದ ಶರಣರ ವಾರಸುದಾರರು ನಾವು.

ನೀರಿನ ಮಾತು ಬಂದಿತು. ನವಲಗುಂದ ಸೀಮೆಯ ಅನೇಕ ಹಳ್ಳಿಗಳಲ್ಲಿ ಅಂತರ್ಜಲ ಸವುಳು. ಮಲಪ್ರಭೆಯ ಕಾಲುವೆಯಿಂದ ತುಂಬಿದ ಕೆರೆಯೇ ಕುಡಿಯುವ ನೀರಿಗೆ ಆಧಾರ. ನಗರಕ್ಕೆ ಹೋದರೆ ಈ ಕಷ್ಟ ತೀರುವುದೆಂದು ಭಾವಿಸುವವರು ಹುಬ್ಬಳ್ಳಿಯ ನಲ್ಲಿಯ ಕಥೆಯನ್ನೂ ವಿಚಾರಿಸಬೇಕು. 2008ರಿಂದ ಅಲ್ಲಿಯ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬಂದದ್ದು ನಿಜ. ಉಳಿದ ಎಷ್ಟೋ ಬಡಾವಣೆಗಳವರು ದಿನಗಟ್ಟಲೆ ಕಾಯ್ದು ಕೊಡ ತುಂಬಿಕೊಂಡದ್ದೂ ಅಷ್ಟೇ ನಿಜ. ಆ ನೀರಾದರೂ ಎಲ್ಲಿಯದು? ಸವದತ್ತಿಯ ಬಳಿಯ ರೇಣುಕಾಸಾಗರದ್ದು, ಅಂದರೆ ಅದೇ ಮಲಪ್ರಭೆಯದು. ಇಲ್ಲವೇ ಕಲಘಟಗಿ ತಾಲೂಕಿನ ನೀರಸಾಗರದ್ದು. ಬಾಡಿಗೆಗೆ ಮನೆ ನೋಡುವಾಗ ಕೋಣೆಗಳನ್ನು ಎಣಿಸುವ ಮೊದಲು ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆಂದು ನೆರೆಯವರನ್ನು ಕೇಳುವುದು ಲೇಸು.

ಎಲ್ಲ ಊರುಗಳಿಗೂ ಒಂದೇ ಸಲಹೆ ಸಲ್ಲದು. ಕುಂದಗೋಳವು ಹುಬ್ಬಳ್ಳಿಗೆ ಸುಮಾರು 20 ಕಿ.ಮೀ. ದೂರದಲ್ಲಿದ್ದು ರೈಲುದಾರಿಯ ಮೇಲಿದೆ. ಅಣ್ಣಿಗೇರಿಯು ಹುಬ್ಬಳ್ಳಿ-ಗದಗ ರೈಲುದಾರಿಯಲ್ಲಿದೆ. ಕಲಘಟಗಿಯಿಂದ ಹುಬ್ಬಳ್ಳಿಗೂ ಧಾರವಾಡಕ್ಕೂ ಹೆಚ್ಚುಕಡಿಮೆ ಒಂದೇ ದೂರ. ಇಲ್ಲಿಯವರು ಮನೆ ಬಿಡದೆ ನಗರದಲ್ಲಿ ದುಡಿದು ಸಂಜೆಗೆ ಮರಳಬಲ್ಲರು. 1930ರ ದಶಕದ ಕೊನೆಯ ಭಾಗದಲ್ಲಿ ಗಂಗೂಬಾಯಿ ಹಾನಗಲ್ ಅವರು ಸವಾಯಿ ಗಂಧರ್ವರಲ್ಲಿ ಸಂಗೀತ ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬರುತ್ತಿದ್ದರೆಂಬುದನ್ನು ನೆನೆಯಬೇಕು. ಅಂದು ವಿದ್ಯೆಯನ್ನು ಅರಸಿ ನಗರವೇ ಹಳ್ಳಿಗೆ ಬರುತ್ತಿತ್ತು! 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವನ್ನು ಒದಗಿಸಿತು. ಕಾಲೇಜಿಗೆ ಹೋಗುವ ಮಗಳು, ಆಸ್ಪತ್ರೆಗೆ ಹೋಗುವ ತಾಯಿ, ಕೆಲಸಕ್ಕೆ ಹೋಗುವ ಸೊಸೆ ಇವರ ಹಾದಿಯ ಖರ್ಚು ಅದರಿಂದ ಇಳಿಯಿತು. ಹಳೆಯ ಲೆಕ್ಕವನ್ನು ಹಿಡಿದು ಕುಳಿತವರು ಇದನ್ನು ಗಮನಿಸಿ ಮತ್ತೊಮ್ಮೆ ಕೂಡಿಸಿ ಕಳೆಯಲಿ. ಆದರೆ ನವಲಗುಂದದ ಒಳಭಾಗದ ಹಳ್ಳಿಗಳ ಸ್ಥಿತಿ ಬೇರೆ. ಬೆಣ್ಣಿಹಳ್ಳ ತುಂಬಿದರೆ ದಾರಿಯೇ ನಿಲ್ಲುತ್ತದೆ. 2019ರ ಆಗಸ್ಟ್ ತಿಂಗಳಿನ ಪ್ರವಾಹವನ್ನು ಆ ಸೀಮೆಯವರು ಮರೆತಿಲ್ಲ. ಅಲ್ಲಿಂದ ನಿತ್ಯ ಓಡಾಡಿರೆಂದು ಹೇಳುವುದು ಸುಲಭ, ಓಡಾಡುವುದು ಕಷ್ಟ. ಅಂಥವರು ನೇರವಾಗಿ ಹುಬ್ಬಳ್ಳಿಗೆ ಜಿಗಿಯದೆ ತಾಲೂಕು ಕೇಂದ್ರದಲ್ಲಿ ನೆಲೆಸುವ ಆಲೋಚನೆಯನ್ನಾದರೂ ಮಾಡಬಹುದು. ಹೊಲ ಕಣ್ಣಳತೆಯಲ್ಲಿರುತ್ತದೆ, ಬಾಡಿಗೆ ಹಗುರವಾಗಿರುತ್ತದೆ.

ವೃದ್ಧರ ವಿಷಯದಲ್ಲಿ ವಾದವು ನಗರದ ಪರವಾಗಿ ವಾಲುತ್ತದೆ. ಹೃದಯ, ಮೂತ್ರಪಿಂಡಗಳ ಕಾಯಿಲೆಗೆ ದೊಡ್ಡ ಆಸ್ಪತ್ರೆಗಳು ಹುಬ್ಬಳ್ಳಿ-ಧಾರವಾಡಗಳಲ್ಲಿಯೇ ಇವೆ. ಹಾಗೆಂದು ತಾಯಿತಂದೆಗಳನ್ನು ಮೂರನೆಯ ಅಂತಸ್ತಿನ ಮನೆಯಲ್ಲಿ ಕೂಡಿಹಾಕುವುದು ಉಪಚಾರವೆನಿಸದು. ಕಟ್ಟೆಯ ಮಾತಿಲ್ಲದೆ, ಮಠದ ದಾರಿಯಿಲ್ಲದೆ ಅವರು ಬೇಗ ಕುಗ್ಗುತ್ತಾರೆ. ಅವರನ್ನು ಕೇಳಿಯೇ ನಿರ್ಧರಿಸಬೇಕು.

ಆದರೆ ನಮ್ಮ ಕುಟುಂಬಗಳನ್ನು ಹೆಚ್ಚಾಗಿ ಊರು ಬಿಡಿಸುತ್ತಿರುವುದು ರೋಗವೂ ಅಲ್ಲ, ಬರಗಾಲವೂ ಅಲ್ಲ, ಮಕ್ಕಳ ಶಾಲೆ. ಮೂರೂವರೆ ವರ್ಷದ ಮಗುವಿನ ಶಿಶುವಿಹಾರಕ್ಕಾಗಿ ನಾಲ್ಕು ತಲೆಮಾರಿನ ಮನೆಗೆ ಬೀಗ ಬೀಳುತ್ತಿದೆ. ಇದು ನನಗೆ ಸರಿಕಾಣದು. ಇದೇ ಸಮಸ್ಯೆ ನಮ್ಮ ಹಿರಿಯರೆದುರಿಗೂ ಬಂದಿತ್ತು. ಅಂದು ಹೈಸ್ಕೂಲು ಬೇಕೆಂದರೂ ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕಿತ್ತು. ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದ ಮಹನೀಯರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. 1906ರಲ್ಲಿ ಲಿಂಗೈಕ್ಯರಾದ ಸಿರಸಂಗಿ ಲಿಂಗರಾಜರು ತಮ್ಮ ನವಲಗುಂದ-ಸಿರಸಂಗಿ ಸಂಸ್ಥಾನದ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದಿಟ್ಟರು. ಧಾರವಾಡದ ಮುರುಘಾಮಠದ ಲಿಂಗೈಕ್ಯ ಮೃತ್ಯುಂಜಯ ಅಪ್ಪಗಳು ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದನಿಲಯವನ್ನು ನಡೆಸಿದರು. ಹುಬ್ಬಳ್ಳಿಯ ಮೂರುಸಾವಿರಮಠವೂ ಅದೇ ದಾರಿಯಲ್ಲಿ ನಡೆಯಿತು. ಈ ವ್ಯವಸ್ಥೆಯ ಜಾಣ್ಮೆಯನ್ನು ನಾವು ಗುರುತಿಸಿಲ್ಲ. ಓದುವ ಹುಡುಗನೊಬ್ಬನೇ ನಗರಕ್ಕೆ ಹೋದನು. ತಾಯಿತಂದೆ, ಎತ್ತು, ಹೊಲ, ಮನೆ ಎಲ್ಲವೂ ಊರಿನಲ್ಲಿಯೇ ಉಳಿದವು. ಊರಿನ ಭಕ್ತರು ಕೊಟ್ಟ ಜೋಳದ ಚೀಲ ಚಕ್ಕಡಿಯಲ್ಲಿ ಮಠಕ್ಕೆ ಹೋಯಿತು, ಹುಡುಗನು ಅದನ್ನೇ ಉಂಡು ಓದಿದನು. ಹಳ್ಳಿಯ ಅಗ್ಗದ ಕಾಳು, ನಗರದ ಒಳ್ಳೆಯ ಪಾಠ ಇವೆರಡನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿದವರು ಅವರು.

ಆದ್ದರಿಂದ ನನ್ನ ಅಭಿಪ್ರಾಯವಿದು. ಪ್ರಾಥಮಿಕ ಶಿಕ್ಷಣದವರೆಗೆ ಮಗು ತಾಯಿತಂದೆಗಳ ಬಳಿ ಊರಿನಲ್ಲಿಯೋ ಹತ್ತಿರದ ಪಟ್ಟಣದಲ್ಲಿಯೋ ಓದಲಿ. ಆ ಶಾಲೆ ಚೆನ್ನಾಗಿಲ್ಲವೆಂದರೆ ಬಿಟ್ಟುಹೋಗುವ ಮೊದಲು ಶಾಲಾ ಸಮಿತಿಯಲ್ಲಿ ಕುಳಿತು ಒಂದು ವರ್ಷ ಕೇಳಿ ನೋಡಿರಿ. ಅನುಕೂಲವಂತರೆಲ್ಲ ಬಿಟ್ಟುಹೋದ ಶಾಲೆಯಲ್ಲಿ ಕೇಳುವವರು ಯಾರು ಉಳಿಯುತ್ತಾರೆ? ಪಿ.ಯು.ಸಿ. ಹಂತಕ್ಕೆ ಬಂದಾಗ ಮಗು ನಗರಕ್ಕೆ ಹೋಗಲಿ, ಮನೆ ಹೋಗುವುದು ಬೇಡ. ಇಡೀ ಕುಟುಂಬವೇ ಹೋಗಬೇಕಾಗಿ ಬಂದರೆ ಹೊಲವನ್ನು ವರ್ಷದ ಲಾವಣಿಗೆ ಮಾತ್ರ ಕೊಡಿರಿ, ಮಾರಬೇಡಿರಿ. ಊರಿನ ಮನೆಯನ್ನೂ ಮರೆಯುವಂತಿಲ್ಲ. ಎರೆಮಣ್ಣಿನ ನಾಡಿನ ಮಾಳಿಗೆಮನೆ ವರ್ಷಕ್ಕೊಮ್ಮೆ ಮಳೆಗೆ ಮುನ್ನ ಮೇಲೆ ಮಣ್ಣು ಬೇಡುತ್ತದೆ. ಎರಡು ಮಳೆಗಾಲ ಯಾರೂ ಏರಿ ನೋಡದಿದ್ದರೆ ಜಂತಿಗಳು ಕೊಳೆಯುತ್ತವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಮೇಲಿನ ಮಾತು ಪೂರ್ತಿ ಸಲ್ಲುವುದಿಲ್ಲವೆಂಬುದನ್ನು ಬಲ್ಲೆ. ನಮ್ಮ ಹಳೆಯ ಪ್ರಸಾದನಿಲಯಗಳು ಬಹುತೇಕ ಗಂಡುಮಕ್ಕಳಿಗೆಂದೇ ಹುಟ್ಟಿದವು. ಮಗಳ ಓದಿಗಾಗಿ ಮನೆಯನ್ನೇ ಕಿತ್ತುಕೊಂಡು ಹೊರಟ ತಂದೆಯನ್ನು ನಾನು ತಡೆಯಲಾರೆ. ಅವನಿಗೆ ಬೇರೆ ದಾರಿಯನ್ನು ನಾವು ಕೊಟ್ಟಿಲ್ಲ. ಊರು ಬಿಟ್ಟುಹೋದ ನಮ್ಮವರ ವಿಶಾಲವಾದ ಮನೆಗಳು ತಾಲೂಕು ಕೇಂದ್ರಗಳಲ್ಲಿ ಬೀಗ ಹಾಕಿಕೊಂಡು ನಿಂತಿವೆ. ಅವುಗಳಲ್ಲಿ ಬಸ್ ನಿಲ್ದಾಣಕ್ಕೆ ಹತ್ತಿರವಿರುವ ಒಂದೊಂದನ್ನಾದರೂ ಮಠಗಳ, ಅಕ್ಕನ ಬಳಗಗಳ ಉಸ್ತುವಾರಿಗೆ ಒಪ್ಪಿಸಿ, ಒಳಹಳ್ಳಿಗಳ ಹತ್ತು ಹದಿನೈದು ಹುಡುಗಿಯರು ಇದ್ದು ಓದುವಂತೆ ಮಾಡಬಹುದು. ಕಾಳು ಹಳ್ಳಿಗಳಿಂದಲೇ ಬರಲಿ. ಕಾವಲಿಗೆ ಹಿರಿಯ ತಾಯಿಯೊಬ್ಬರಿರಲಿ. ಸುಣ್ಣಬಣ್ಣದ ಖರ್ಚನ್ನು ಮನೆಯೊಡೆಯರೇ ಕೊಡಲು ಮುಂದೆ ಬಂದಾರು. ಏಕೆಂದರೆ ಮಾಳಿಗೆಗೆ ಮಣ್ಣು ಹಾಕಿಸುವ ಚಿಂತೆ ಅವರಿಗೂ ತಪ್ಪುತ್ತದೆ.