ಮಗುವಿನ ಹೊಲಿಗೆಗಾಯ ಕೀವಾಗದಿರಲು

1865ನೆಯ ಇಸವಿಯ ಆಗಸ್ಟ್ ತಿಂಗಳು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 11 ವರ್ಷದ ಜೇಮ್ಸ್ ಗ್ರೀನ್‌ಲೀಸ್ ಎಂಬ ಬಾಲಕನ ಎಡಗಾಲಿನ ಮೇಲೆ ಗಾಡಿಯ ಚಕ್ರ ಹರಿಯಿತು. ಮೂಳೆ ಮುರಿದು ಚರ್ಮವೂ ಸೀಳಿತು. ಅಂತಹ ಗಾಯ ಕೀವಾಗುವುದು ಆ ಕಾಲದಲ್ಲಿ ಬಹುಮಟ್ಟಿಗೆ ಖಂಡಿತ. ಪ್ರಾಣ ಉಳಿಸಲು ಕಾಲನ್ನೇ ಕತ್ತರಿಸುವುದು ವಾಡಿಕೆ.

ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಕಾಲನ್ನು ಕತ್ತರಿಸಲಿಲ್ಲ. ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳು ಕಾರಣವೆಂಬ ಲೂಯಿ ಪಾಸ್ಚರರ ಶೋಧನೆಯನ್ನು ಅವರು ಓದಿ ಬಲ್ಲವರಾಗಿದ್ದರು. ಕಾರ್ಲೈಲ್ ಪಟ್ಟಣದಲ್ಲಿ ಚರಂಡಿಯ ದುರ್ನಾತ ಅಡಗಿಸಲು ಬಳಸಿದ್ದ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನೇ ಗಾಯಕ್ಕೆ ಕಟ್ಟಿಸಿದರು. ನಾಲ್ಕು ದಿನಗಳ ಬಳಿಕ ಬಿಚ್ಚಿದಾಗ ಕೀವಿನ ಸುಳಿವಿಲ್ಲ! ಸುಮಾರು ಆರು ವಾರಗಳಲ್ಲಿ ಮೂಳೆ ಕೂಡಿತು.

ಲಿಸ್ಟರರದು ಗಾಯವನ್ನು ಹೊಕ್ಕ ರೋಗಾಣುವನ್ನು ಕೊಲ್ಲುವ ಉಪಾಯ. ಇಂದಿನ ಶಸ್ತ್ರವೈದ್ಯರದು ಮುಖ್ಯವಾಗಿ ಅದು ಹೊಗದಂತೆ ತಡೆಯುವ ಉಪಾಯ. ಆದುದರಿಂದ ಮಗುವಿನ ಶಸ್ತ್ರಚಿಕಿತ್ಸೆಯಲ್ಲಿ ಕೀವನ್ನು ತಡೆಯುವ ಕೆಲಸದ ಬಹುಪಾಲು, ಕತ್ತಿ ಚರ್ಮವನ್ನು ಮುಟ್ಟುವ ಮೊದಲೇ ಮುಗಿದಿರಬೇಕು. ಮಗುವಿಗೆ ಮುಂಚಿತವಾಗಿ ಸಾಬೂನಿನ ಸ್ನಾನವಾಗಬೇಕು. ಕೂದಲನ್ನು ಕ್ಷೌರದ ಕತ್ತಿಯಿಂದ ಬೋಳಿಸಲಾಗದು. ಕಣ್ಣಿಗೆ ಕಾಣದ ಗೀರುಗಳಲ್ಲಿ ರೋಗಾಣುಗಳು ನೆಲೆಯೂರುತ್ತವೆ. ಕೂದಲು ತೆಗೆಯಲೇಬೇಕಾದರೆ ಕತ್ತರಿಸುವ ಯಂತ್ರವೇ ಲೇಸು. ಮೇಜಿನ ಮೇಲೆ ಮಲಗಿಸಿದ ಎಳೆಯ ಮೈ ಬೇಗ ತಣ್ಣಗಾಗುವುದರಿಂದ ಅದನ್ನು ಬೆಚ್ಚಗಿಡುವುದೂ ಚಿಕಿತ್ಸೆಯ ಭಾಗವೇ.

ಎಲ್ಲ ಶಸ್ತ್ರಚಿಕಿತ್ಸೆಗೂ ಆಂಟಿಬಯಾಟಿಕ್ ಬೇಕಿಲ್ಲ. ಬೇಕಾದಲ್ಲಿ, ಮಗುವಿನ ತೂಕಕ್ಕೆ ತಕ್ಕ ಪ್ರಮಾಣವನ್ನು ಸಾಮಾನ್ಯವಾಗಿ ಕೊಯ್ಯುವುದಕ್ಕೆ ಮುಂಚಿನ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಕೊಡುತ್ತಾರೆ. ಗಾಯವಾಗುವ ಹೊತ್ತಿಗೆ ಔಷಧಿ ರಕ್ತದಲ್ಲಿ ಸಿದ್ಧವಾಗಿರಬೇಕೆಂಬುದು ಇದರ ಮರ್ಮ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಕೇವಲ ಮುನ್ನೆಚ್ಚರಿಕೆಗಾಗಿ ಅದನ್ನು ಮುಂದುವರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಸಲಹೆಯಿತ್ತಿತು. “ಯಾವುದಕ್ಕೂ ಇರಲಿ, ಇನ್ನೆರಡು ದಿನ ಮಾತ್ರೆ ಬರೆದುಕೊಡಿ ಡಾಕ್ಟರೇ” ಎಂಬ ತಾಯಿಯ ಮೊರೆ ಅಕ್ಕರೆಯದೇ ಸರಿ. ಆದರೆ ಅನಾವಶ್ಯಕ ಮಾತ್ರೆಯಿಂದ ಬೇಧಿ ಹತ್ತಬಹುದು. ಔಷಧಿಗೆ ಬಗ್ಗದ ರೋಗಾಣುಗಳು ಬೆಳೆಯಬಹುದು. ವೈದ್ಯರೇ ಸಕಾರಣವಾಗಿ ಬರೆದುಕೊಟ್ಟ ಮಾತ್ರೆಯ ವಿಷಯ ಬೇರೆ. ಅದನ್ನು ನಡುವೆ ನಿಲ್ಲಿಸಕೂಡದು.

ಮನೆಗೆ ಬಂದ ಮೇಲೆ ಅಜ್ಜಿಯ ಅರಿಸಿನ, ಕೊಬ್ಬರಿ ಎಣ್ಣೆಗಳು ಅಡುಗೆಮನೆಯಲ್ಲಿಯೇ ಇರಲಿ. ನೋಡಲು ಬಂದ ಬಂಧುಗಳೆಲ್ಲ ಒಬ್ಬೊಬ್ಬರಾಗಿ ಕಟ್ಟನ್ನೆತ್ತಿ ಇಣುಕುವ ವಿಚಿತ್ರ ಉಪಚಾರವೂ ಬೇಡ. ಕಟ್ಟನ್ನು ಮುಟ್ಟಬೇಕಾದವರು ಮೊದಲು ಸಾಬೂನಿನಿಂದ ಕೈ ತೊಳೆಯಬೇಕು. ಸ್ನಾನ ಯಾವಾಗ, ಕಟ್ಟು ಬಿಚ್ಚುವುದು ಯಾವಾಗ ಎಂಬುದನ್ನು ಆಸ್ಪತ್ರೆಯಿಂದ ಹೊರಡುವ ಮುನ್ನವೇ ಕೇಳಿಕೊಳ್ಳುವುದು ಒಳ್ಳೆಯದು.

ಹೊಲಿಗೆಯ ಸುತ್ತ ಕೆಂಪು ಹರಡುತ್ತಿದ್ದರೆ, ಊತ, ಬಿಸಿ, ಕೀವು ಅಥವಾ ಜ್ವರ ಕಂಡರೆ, ಆಡತೊಡಗಿದ್ದ ಮಗು ಮತ್ತೆ ನೋವೆಂದು ಅತ್ತರೆ, ಹಸುಳೆ ಹಾಲು ಬಿಟ್ಟರೆ, ಬೆಳಗಾಗಲೆಂದು ಕಾಯದೆ ವೈದ್ಯರಿಗೆ ತೋರಿಸಬೇಕು.